ಅನಿಮಲ್ ಫಾರ್ಮ್ ಪಾತ್ರಗಳನ್ನು ಹಿಡಿಯೋದು ಹೇಗೆ? ಗೈಡ್ ಪಟ್ಟಿ ಎತ್ತಿಟ್ಟು, ಹಾಲಿನ ಬಕೆಟ್ಟಿನಿಂದ ಶುರುಮಾಡಿ

ಡಿಗ್ರಿಯಲ್ಲಿ ನಮಗೆ ಈ ಪುಸ್ತಕ ಇಂಗ್ಲಿಷ್ ಪಠ್ಯವಾಗಿತ್ತು. ಪುಸ್ತಕ ಓದಿದವರು ಕಮ್ಮಿ, ಗೈಡ್ ಓದಿದವರು ಜಾಸ್ತಿ. ನಾನೂ ಗೈಡ್ ಗಿರಾಕಿಯೇ. ಅದರಲ್ಲಿ ಒಂದು ಪಟ್ಟಿ ಇತ್ತು: ನೆಪೋಲಿಯನ್ ಅಂದರೆ ರಷ್ಯಾದ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಅಂದರೆ ಅವನ ಎದುರಾಳಿ ಟ್ರಾಟ್ಸ್ಕಿ, ಬಾಕ್ಸರ್ ಅಂದರೆ ಕಾರ್ಮಿಕ ವರ್ಗ. ಹೊಂದಿಸಿ ಬರೆಯಿರಿ ಪ್ರಶ್ನೆಗೆ ತಯಾರಾಗುವ ಹಾಗೆ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಒಳ್ಳೆ ಅಂಕ ತೆಗೆದುಕೊಂಡು ಮರೆತೂಬಿಟ್ಟೆ. ಎಷ್ಟೋ ವರ್ಷದ ಮೇಲೆ ಒಂದು ಭಾನುವಾರ, ಕೈಗೆ ಸಿಕ್ಕಿತು ಅಂತ ಸುಮ್ನೆ ಮೊದಲ ಪುಟದಿಂದ ಓದತೊಡಗಿದಾಗಲೇ ಗೊತ್ತಾಗಿದ್ದು, ನಾನು ಪಾಸಾಗಿದ್ದು ಪಟ್ಟಿಯಲ್ಲಿ, ಪುಸ್ತಕದಲ್ಲಿ ಅಲ್ಲ ಅಂತ.

ಹಾಗಾಗಿ ಈ ಲೇಖನ. ನೀವು ಒಬ್ಬರೇ ಓದುತ್ತಿರಬಹುದು, ಮಕ್ಕಳಿಗೆ ಪಾಠ ಮಾಡುತ್ತಿರಬಹುದು, ನಾಲ್ಕು ಜನ ಗೆಳೆಯರ ಜೊತೆ ಕೂತು ಓದುತ್ತಿರಬಹುದು. ಯಾರಿಗಾದರೂ ಆಗುತ್ತದೆ. ಒಂದು ಎಚ್ಚರಿಕೆ: ಕಥೆ ಪೂರ್ತಿ ಬಿಟ್ಟುಕೊಡುತ್ತಿದ್ದೇನೆ. ಓದಿಲ್ಲದವರು ಓದಿ ಬನ್ನಿ. ಹತ್ತೇ ಅಧ್ಯಾಯ, ಒಂದು ಮಧ್ಯಾಹ್ನದ ಕೆಲಸ.

ಹಿನ್ನೆಲೆ ಇಷ್ಟು ಸಾಕು. ಜಾರ್ಜ್ ಆರ್ವೆಲ್ ಇದನ್ನು ಬರೆದಿದ್ದು 1943ರ ನವೆಂಬರಿನಿಂದ 1944ರ ಫೆಬ್ರವರಿವರೆಗೆ. ಅಚ್ಚಾಗಿದ್ದು 1945ರ ಆಗಸ್ಟ್ 17ಕ್ಕೆ. ಬರೆದು ಮುಗಿಸಿದ ಮೇಲೆ ಪ್ರಕಾಶಕರ ಬಾಗಿಲು ತಟ್ಟಿದ್ದೇ ಬಂತು. ಆಗ ರಷ್ಯಾ ಬ್ರಿಟನ್ನಿನ ಜೊತೆ ಸೇರಿ ಹಿಟ್ಲರನ ಮೇಲೆ ಕಾದಾಡುತ್ತಿದ್ದ ದೇಶ, ಅಲ್ಲಿನ ನಾಯಕರನ್ನು ಹಂದಿ ಮಾಡಿ ಕೂರಿಸಿದ ಕಥೆಯನ್ನು ಯಾರು ಅಚ್ಚು ಹಾಕುತ್ತಾರೆ ಹೇಳಿ. ಅಂದಹಾಗೆ ಈತ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗ ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಅಧಿಕಾರಿಯಾಗಿದ್ದ. ಅಧಿಕಾರದ ರುಚಿ ಏನು ಅಂತ ಕೇಳಿ ತಿಳಿದವನಲ್ಲ.

1. ಪಟ್ಟಿ ಎತ್ತಿಡಿ, ನೋಟ್‌ಬುಕ್ ತೆಗೆಯಿರಿ

ಮೊದಲ ಸಲ ಓದುವಾಗ ರಷ್ಯಾ ನೆನಪೇ ಬೇಡ. ಅದು ಒಂದು ಜಮೀನು, ಅಲ್ಲಿ ಕುಡುಕ ಯಜಮಾನ ಜೋನ್ಸ್, ಹೊಟ್ಟೆಗಿಲ್ಲದ ಪ್ರಾಣಿಗಳು. ಒಂದು ದಿನ ಎಲ್ಲ ಸೇರಿ ಅವನನ್ನು ಓಡಿಸುತ್ತವೆ. ಆಮೇಲೆ ನಾವೆಲ್ಲ ಸಮಾನರು ಅಂದುಕೊಂಡು ತಾವೇ ಜಮೀನು ನಡೆಸುತ್ತವೆ. ಮುಂದಾಳುಗಳು ನೆಪೋಲಿಯನ್, ಸ್ನೋಬಾಲ್ ಅನ್ನೋ ಎರಡು ಹಂದಿಗಳು. ಅಷ್ಟೇ ಅಂದುಕೊಂಡು ಓದಿ.

ಎರಡನೇ ಸಲಕ್ಕೆ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಹಾಕಿಕೊಳ್ಳಿ. ಒಂದರಲ್ಲಿ ಯಾರು ಏನು ತಿಂದರು. ಇನ್ನೊಂದರಲ್ಲಿ ಯಾರಿಗೆ ಎಷ್ಟು ಓದೋಕೆ ಬರುತ್ತದೆ. ಮೂರನೆಯದರಲ್ಲಿ ಯಾರು ಯಾವಾಗ ಬಾಯಿ ಮುಚ್ಚಿಕೊಂಡರು. ಪಾತ್ರದ ಗುಣ, ಸ್ವಭಾವ, ಸಂಕೇತ ಅಂತೆಲ್ಲ ಬರೆಯಬೇಡಿ. ಈ ಮೂರು ತುಂಬಿದರೆ ಅವೆಲ್ಲ ತಾವಾಗೇ ಬರುತ್ತವೆ.

ಪ್ರಾಣಿಗಳು ರಾಜಕೀಯ ಮಾತಾಡೋದು ನಮಗೆ ಹೊಸದಲ್ಲ. ಕರಟಕ ದಮನಕರ ಕಥೆ ಕೇಳಿ ಬೆಳೆದವರು ನಾವು. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದಾನೆ. ಆದರೆ ಅಲ್ಲಿ ನಾವು ಸಿಂಹದ ಆಸ್ಥಾನದ ಒಳಗೇ ಕೂತಿರುತ್ತೇವೆ, ನರಿಗಳ ಪಿಸುಮಾತೆಲ್ಲ ನಮ್ಮ ಕಿವಿಗೆ ಬೀಳುತ್ತದೆ. ಇಲ್ಲಿ ಹಾಗಿಲ್ಲ. ಹಂದಿಗಳು ಒಳಗೆ ಕೂತು ಏನು ಮಾತಾಡಿಕೊಂಡವು ಅಂತ ನಮಗೆ ಗೊತ್ತಾಗೋದೇ ಇಲ್ಲ. ಕೊಟ್ಟಿಗೆಯಲ್ಲಿ ನಿಂತ ಕುದುರೆಗೆ, ಕೋಳಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದೆಲ್ಲ ಓದಬೇಕು.

2. ಹಾಲು ಎಲ್ಲಿಗೆ ಹೋಯಿತು ಅಂತ ಗುರುತು ಹಾಕಿ

ಎರಡನೇ ಅಧ್ಯಾಯದ ಕೊನೆಗೆ ಹೋಗಿ. ಜೋನ್ಸ್ ಓಡಿಹೋಗಿದ್ದಾನೆ. ಹಸುಗಳ ಕೆಚ್ಚಲು ಬಿಗಿದಿದೆ, ಹಂದಿಗಳೇ ಹೇಗೋ ಹಾಲು ಕರೆಯುತ್ತವೆ. ಐದು ಬಕೆಟ್ ನೊರೆಹಾಲು. ಇದನ್ನೇನು ಮಾಡೋದು ಅಂತ ಯಾರೋ ಕೇಳುತ್ತಾರೆ. ಜೋನ್ಸ್ ಇದ್ದಾಗ ಒಮ್ಮೊಮ್ಮೆ ನಮ್ಮ ಮೇವಿಗೆ ಸ್ವಲ್ಪ ಬೆರೆಸುತ್ತಿದ್ದ ಅಂತ ಒಂದು ಕೋಳಿ ಹೇಳುತ್ತದೆ. ನೆಪೋಲಿಯನ್ ಬಕೆಟ್ಟುಗಳಿಗೆ ಅಡ್ಡ ಬಂದು ನಿಲ್ಲುತ್ತಾನೆ. ಹಾಲಿನ ಚಿಂತೆ ಬಿಡಿ, ಮೊದಲು ಕುಯ್ಲು ಮುಗಿಸಿ, ನೀವು ನಡೆಯಿರಿ, ನಾನು ಬಂದೆ ಅನ್ನುತ್ತಾನೆ. ಸಂಜೆ ಎಲ್ಲ ವಾಪಸ್ ಬಂದಾಗ ಹಾಲು ಇಲ್ಲ.

ಇಷ್ಟೇ. ಜಗಳ ಇಲ್ಲ, ರಕ್ತ ಇಲ್ಲ. ನಾನು ಮೊದಲ ಸಲ ಓದುವಾಗ ಇದನ್ನು ದಾಟಿಕೊಂಡು ಹೋಗಿದ್ದೆ. ಆದರೆ 1946ರ ಡಿಸೆಂಬರಿನಲ್ಲಿ ಒಬ್ಬ ಅಮೆರಿಕನ್ ಗೆಳೆಯನಿಗೆ ಬರೆದ ಪತ್ರದಲ್ಲಿ ಆರ್ವೆಲ್ಲೇ ಹೇಳಿದ್ದಾನೆ, ಕಥೆ ತಿರುಗೋದು ಇಲ್ಲೇ ಅಂತ. ಹಾಲನ್ನೂ ಸೇಬನ್ನೂ ಹಂದಿಗಳು ತಮಗೇ ಇಟ್ಟುಕೊಂಡ ಹೊತ್ತಿನಲ್ಲೇ ಉಳಿದ ಪ್ರಾಣಿಗಳು ಕಾಲೂರಿ ನಿಂತು ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನೋದು ಅವನ ಮಾತಿನ ತಾತ್ಪರ್ಯ. ಇದಕ್ಕೆ ಅವನು ಕೊಟ್ಟ ಗುರುತು ಕ್ರೋನ್‌ಷ್ಟಾಟ್. 1921ರ ಮಾರ್ಚಿನಲ್ಲಿ ರಷ್ಯಾದ ಆ ನೌಕಾನೆಲೆಯ ನಾವಿಕರು, ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಬೊಲ್ಶೆವಿಕ್ ಸರ್ಕಾರದ ವಿರುದ್ಧವೇ ಬಂಡೆದ್ದರು, ಕೆಂಪುಸೇನೆ ಅವರನ್ನು ಹೊಸಕಿ ಹಾಕಿತು.

ಈಗ ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಹುಡುಕಿ. ಉದುರಿದ ಸೇಬೆಲ್ಲ ಹಂದಿಗಳಿಗೇ ಅನ್ನೋ ಆದೇಶಕ್ಕೆ ಎಲ್ಲ ಹಂದಿಗಳೂ ಒಪ್ಪುತ್ತವೆ, ಸ್ನೋಬಾಲ್ ಕೂಡ. ಬೇರೆ ಎಲ್ಲದಕ್ಕೂ ಹಾವು ಮುಂಗುಸಿ ಹಾಗೆ ಕಚ್ಚಾಡುವ ಈ ಇಬ್ಬರು ಸೇಬಿನ ವಿಷಯದಲ್ಲಿ ಮಾತ್ರ ಒಂದೇ. ಸ್ನೋಬಾಲ್ ಒಳ್ಳೆಯವನು, ನೆಪೋಲಿಯನ್ ಕೆಟ್ಟವನು ಅಂತ ಬರೆಯೋಕೆ ಹೊರಟವರು ಇಲ್ಲಿ ಪೆನ್ನು ಕೆಳಗಿಡಬೇಕು. ಕ್ರೋನ್‌ಷ್ಟಾಟ್ ದಮನವಾದಾಗ ಸೇನೆಯ ಹೊಣೆ ಹೊತ್ತಿದ್ದವನು ಟ್ರಾಟ್ಸ್ಕಿಯೇ ಅನ್ನೋದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

3. ಯಾರಿಗೆ ಎಷ್ಟು ಅಕ್ಷರ ಬರುತ್ತದೆ?

ನನ್ನ ಮಟ್ಟಿಗೆ ಇಡೀ ಪುಸ್ತಕದ ಬೀಗದ ಕೈ ಇದು. ಮೂರನೇ ಅಧ್ಯಾಯದಲ್ಲಿ ಸ್ನೋಬಾಲ್ ಎಲ್ಲರಿಗೂ ಓದು ಬರಹ ಕಲಿಸುತ್ತಾನೆ. ಅಲ್ಲಿ ಯಾರು ಎಲ್ಲಿಗೆ ಬಂದು ನಿಂತರು ಅಂತ ಒಂದು ಪುಟದಲ್ಲಿ ಹೇಳಿದ್ದಾನೆ. ಅದನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ಹಂದಿಗಳಿಗೆ ಚೆನ್ನಾಗಿ ಓದಲು ಬರೆಯಲು ಬರುತ್ತದೆ. ನಾಯಿಗಳಿಗೆ ಓದಲು ಬರುತ್ತದೆ, ಆದರೆ ಜೋನ್ಸನನ್ನು ಓಡಿಸಿದ ಮೇಲೆ ತಮಗೆಲ್ಲ ಅಂತ ಗೋಡೆ ಮೇಲೆ ಬರೆದುಕೊಂಡ ಏಳು ಕಟ್ಟಳೆ ಬಿಟ್ಟು ಬೇರೆ ಓದುವ ಆಸೆ ಇಲ್ಲ. ಮ್ಯೂರಿಯಲ್ ಅನ್ನೋ ಮೇಕೆ ನಾಯಿಗಳಿಗಿಂತ ಚೂರು ಮೇಲು, ಕಸದ ಗುಂಡಿಯಲ್ಲಿ ಸಿಕ್ಕಿದ ಪೇಪರ್ ಚೂರುಗಳನ್ನು ಸಂಜೆ ಬೇರೆಯವರಿಗೆ ಓದಿ ಹೇಳುತ್ತಾಳೆ. ಕತ್ತೆ ಬೆಂಜಮಿನ್ ಯಾವ ಹಂದಿಗೂ ಕಡಿಮೆ ಇಲ್ಲದಂತೆ ಓದಬಲ್ಲ, ಓದೋದಿಲ್ಲ. ಓದುವಂಥದ್ದು ಏನೂ ಇಲ್ಲ ಅನ್ನೋದು ಅವನ ವಾದ. ಹೆಣ್ಣು ಕುದುರೆ ಕ್ಲೋವರ್ ಅಕ್ಷರಮಾಲೆ ಪೂರ್ತಿ ಕಲಿತಳು, ಕೂಡಿಸಿ ಓದಲು ಬರಲಿಲ್ಲ. ದುಡಿಯುವ ಕುದುರೆ ಬಾಕ್ಸರ್ ನಾಲ್ಕನೇ ಅಕ್ಷರ ದಾಟಲಿಲ್ಲ, ಪಾಪ, ದೊಡ್ಡ ಗೊರಸಿನಿಂದ ಮಣ್ಣಿನಲ್ಲಿ ಬರೆದು ಬರೆದು ಕಿವಿ ಹಿಂದಕ್ಕೆ ಮಾಡಿಕೊಂಡು ನಿಂತು ನೋಡುತ್ತಾನೆ, ಮುಂದಿನದು ನೆನಪಾಗುವುದಿಲ್ಲ. ಬೆಡಗಿನ ಕುದುರೆ ಮೋಲಿ ತನ್ನ ಹೆಸರಿನ ಅಕ್ಷರ ಮಾತ್ರ ಕಲಿತಳು, ಕಡ್ಡಿಗಳಲ್ಲಿ ಅದನ್ನು ಜೋಡಿಸಿ ಹೂವಿಟ್ಟು ಸುತ್ತ ಸುತ್ತಿ ಮೆಚ್ಚಿಕೊಂಡಳು. ಕುರಿ ಕೋಳಿ ಬಾತುಗಳಿಗೆ ಮೊದಲ ಅಕ್ಷರದಾಚೆ ಇಲ್ಲ. ಅವಕ್ಕಾಗಿ ಏಳು ಕಟ್ಟಳೆಯನ್ನು ಒಂದೇ ಘೋಷಣೆಗೆ ಇಳಿಸಿದರು: ನಾಲ್ಕು ಕಾಲು ಒಳ್ಳೇದು, ಎರಡು ಕಾಲು ಕೆಟ್ಟದು.

ಈ ಪಟ್ಟಿ ಹಿಡಿದುಕೊಂಡು ಮುಂದೆ ಓದಿ ನೋಡಿ, ಮೈ ಜುಂ ಅನ್ನುತ್ತದೆ. ಯಾರು ಯಾವಾಗ ಮೋಸ ಹೋಗುತ್ತಾರೆ ಅನ್ನೋದು ಆ ಪುಟದಲ್ಲೇ ತೀರ್ಮಾನವಾಗಿದೆ. ಆರನೇ ಅಧ್ಯಾಯದಲ್ಲಿ ಹಂದಿಗಳು ಮನೆಯೊಳಗೆ ಸೇರಿ ಹಾಸಿಗೆ ಮೇಲೆ ಮಲಗುತ್ತವೆ. ಹಾಸಿಗೆ ಕೂಡದು ಅಂತ ಕಟ್ಟಳೆ ಇತ್ತಲ್ಲ ಅಂತ ಕ್ಲೋವರಿಗೆ ಅನುಮಾನ. ಗೋಡೆ ಹತ್ತಿರ ಹೋಗುತ್ತಾಳೆ, ಓದಲು ಬರುವುದಿಲ್ಲ, ಮ್ಯೂರಿಯಲನ್ನು ಕರೆಯುತ್ತಾಳೆ. ಮ್ಯೂರಿಯಲ್ ಕಷ್ಟಪಟ್ಟು ಓದುತ್ತಾಳೆ: ಯಾವ ಪ್ರಾಣಿಯೂ ಹಾಸಿಗೆ ಮೇಲೆ ಮಲಗಬಾರದು, ಬೆಡ್‌ಶೀಟ್ ಹಾಸಿಕೊಂಡು. ಆ ಕೊನೆಯ ತುಂಡು ಮೊದಲು ಇರಲಿಲ್ಲ. ಆದರೆ ಗೋಡೆ ಮೇಲೆ ಇದೆಯಲ್ಲ, ಹಾಗಿದ್ದರೆ ಇದ್ದಿರಬೇಕು! ಎಂಟನೇ ಅಧ್ಯಾಯದಲ್ಲಿ ಕೊಲೆಗೆ "ಕಾರಣವಿಲ್ಲದೆ" ಅಂತ ಸೇರುತ್ತದೆ, ಕುಡಿತಕ್ಕೆ "ಮಿತಿಮೀರಿ" ಅಂತ ಸೇರುತ್ತದೆ. ಕಾನೂನು ಅಳಿಸುವುದಿಲ್ಲ ನೋಡಿ. ಬಾಲ ಅಂಟಿಸುತ್ತಾರೆ.

ಮೂರನೇ ಗೆರೆಯಲ್ಲಿ ಬೆಂಜಮಿನ್ ಹೆಸರು ಬರೆಯೋದು ಇಲ್ಲೇ. ಒಂದು ರಾತ್ರಿ ನೆಪೋಲಿಯನ್‌ನ ವಕ್ತಾರ ಹಂದಿ ಸ್ಕ್ವೀಲರ್ ಗೋಡೆ ಹತ್ತಿರ ಮುರಿದ ಏಣಿಯ ಪಕ್ಕ ಬಿದ್ದಿರುತ್ತಾನೆ, ಹತ್ತಿರದಲ್ಲೇ ಲಾಟೀನು, ಬ್ರಷ್ಷು, ಚೆಲ್ಲಿದ ಬಿಳಿ ಬಣ್ಣದ ಡಬ್ಬ. ಯಾರಿಗೂ ಏನೂ ಅರ್ಥವಾಗುವುದಿಲ್ಲ. ಬೆಂಜಮಿನ್ ಒಬ್ಬ ತಲೆ ಆಡಿಸುತ್ತಾನೆ, ಗೊತ್ತಾಯಿತು ಅನ್ನೋ ಹಾಗೆ. ಹೇಳುವುದಿಲ್ಲ. ನನಗೆ ನೆಪೋಲಿಯನ್ ಮೇಲಿಗಿಂತ ಜಾಸ್ತಿ ಸಿಟ್ಟು ಬರುವುದು ಈ ಕತ್ತೆಯ ಮೇಲೆ, ಬಹುಶಃ ಅವನಲ್ಲಿ ನನ್ನ ಮುಖವೂ ಒಂಚೂರು ಕಾಣುತ್ತದೆ ಅಂತಲೋ ಏನೋ.

4. ನೆಪೋಲಿಯನ್ ಬಿಡಿ, ಅವನ ಅಕ್ಕಪಕ್ಕ ನೋಡಿ

ನೆಪೋಲಿಯನ್ ಹೆಚ್ಚು ಮಾತಾಡುವವನೇ ಅಲ್ಲ. ಬರಬರುತ್ತಾ ಕಣ್ಣಿಗೂ ಬೀಳುವುದಿಲ್ಲ. ಅವನನ್ನು ಅರ್ಥ ಮಾಡಿಕೊಳ್ಳಲು ಅವನಿಗಾಗಿ ಕೆಲಸ ಮಾಡುವವರನ್ನು ನೋಡಬೇಕು.

ಮೊದಲನೆಯದು ನಾಯಿಗಳು. ಒಂಬತ್ತು ಮರಿಗಳನ್ನು ತಾಯಂದಿರಿಂದ ಬಿಡಿಸಿ, ನಾನೇ ವಿದ್ಯೆ ಕಲಿಸುತ್ತೇನೆ ಅಂತ ಅಟ್ಟಕ್ಕೆ ಸೇರಿಸುತ್ತಾನೆ. ಎಲ್ಲರೂ ಮರೆತುಬಿಡುತ್ತಾರೆ. ಐದನೇ ಅಧ್ಯಾಯದಲ್ಲಿ ಅವೇ ತೋಳಗಳ ಹಾಗೆ ಹೊರಬಂದು ಸ್ನೋಬಾಲನ್ನು ಅಟ್ಟಿಸಿಕೊಂಡು ಹೋಗುತ್ತವೆ. ರಹಸ್ಯ ಪೊಲೀಸ್ ಅಂತ ಗೈಡ್ ಹೇಳುತ್ತದೆ, ಸರಿಯೇ. ಆದರೆ ಆ ಮರಿಗಳು ಇದೇ ಕೊಟ್ಟಿಗೆಯಲ್ಲಿ ಹುಟ್ಟಿದವು, ಇವರ ಮನೆ ಮಕ್ಕಳೇ, ಅದನ್ನು ಮರೆಯಬೇಡಿ.

ಕುರಿಗಳದ್ದು ಬೇರೆ ಕೆಲಸ. ಸ್ನೋಬಾಲನ ಭಾಷಣದಲ್ಲಿ ಮುಖ್ಯ ಮಾತು ಬರುವ ಹೊತ್ತಿಗೇ ಅವು ಅರಚಲು ಶುರುಮಾಡುತ್ತವೆ. ಯಾರನ್ನೂ ಕಚ್ಚುವುದಿಲ್ಲ, ಬರೀ ಗದ್ದಲ. ಟಿವಿ ಚರ್ಚೆ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಸ್ಕ್ವೀಲರನ ಮಾತುಗಳನ್ನು ಮಾತ್ರ ಒಂದೊಂದಾಗಿ ಬರೆದುಕೊಳ್ಳಿ, ಅದು ಒಂದು ಪಾಠಶಾಲೆ. ಹಾಲು ಸೇಬು ನಮಗೆ ಇಷ್ಟವಿಲ್ಲ, ನಿಮಗೋಸ್ಕರ ತಿನ್ನುತ್ತಿದ್ದೇವೆ, ಮೆದುಳಿನ ಕೆಲಸ ಮಾಡುವವರಿಗೆ ಇದು ಬೇಕು ಅಂತ ವಿಜ್ಞಾನವೇ ಹೇಳಿದೆ, ನಾವು ಸೋತರೆ ಜೋನ್ಸ್ ವಾಪಸ್ ಬರುತ್ತಾನೆ, ಜೋನ್ಸ್ ಬೇಕಾ ನಿಮಗೆ? ಈ ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲ, ಅದಕ್ಕೇ ಎಲ್ಲ ಸಲವೂ ಅದನ್ನೇ ಕೇಳುತ್ತಾನೆ. ರೇಷನ್ ಇಳಿಸಿದಾಗ ಕಡಿತ ಅನ್ನುವುದಿಲ್ಲ, ಹೊಂದಾಣಿಕೆ ಅನ್ನುತ್ತಾನೆ. ಬಸ್ ಟಿಕೆಟ್ ಏರಿದಾಗ ನಮ್ಮಲ್ಲೂ ಅದು ಏರಿಕೆ ಅಲ್ಲ, ದರ ಪರಿಷ್ಕರಣೆ. ಓದುತ್ತಾ ಇಂಥ ಪದಗಳು ಸಿಕ್ಕಲ್ಲೆಲ್ಲ ಅಡಿಗೆರೆ ಹಾಕಿ.

5. ಬಾಕ್ಸರ್ ಹತ್ತಿರ ನಿಧಾನಿಸಿ

ಬಾಕ್ಸರ್ ಪಾಪದ ಕುದುರೆ ಅಂತ ಕಣ್ಣೊರೆಸಿಕೊಂಡು ಮುಂದೆ ಹೋಗೋದು ಸುಲಭ. ಆದರೆ ಏಳನೇ ಅಧ್ಯಾಯದಲ್ಲಿ ಒಂದು ದೃಶ್ಯವಿದೆ, ಅಲ್ಲಿ ನಿಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬಾಕ್ಸರ್ ಸ್ಕ್ವೀಲರಿಗೆ ಎದುರು ಮಾತಾಡಿರುತ್ತಾನೆ. ಸ್ನೋಬಾಲ್ ಮೊದಲಿನಿಂದಲೂ ದ್ರೋಹಿ ಅಂದರೆ ನಂಬಲ್ಲ, ಅವನು ಚೆನ್ನಾಗೇ ಕಾದಾಡಿದ್ದ ಅಂತ. ನೆಪೋಲಿಯನ್ ಹಾಗೆ ಹೇಳಿದ್ದಾರೆ ಅಂದ ಕೂಡಲೇ ಹಾಗಾದರೆ ಸರಿ ಅಂದುಬಿಡುತ್ತಾನೆ. ಸ್ಕ್ವೀಲರ್ ಅವನನ್ನು ಒಂದು ಕೆಟ್ಟ ನೋಟ ನೋಡಿ ಹೋಗುತ್ತಾನೆ.

ನಾಲ್ಕು ದಿನದಲ್ಲಿ ಸಭೆ. ನಾಯಿಗಳು ನುಗ್ಗಿ ನಾಲ್ಕು ಹಂದಿಗಳನ್ನು ಎಳೆದು ತರುತ್ತವೆ, ಮೂರು ನಾಯಿಗಳು ಬಾಕ್ಸರ್ ಮೇಲೂ ಹಾರುತ್ತವೆ. ಅವನು ಒಂದನ್ನು ಗಾಳಿಯಲ್ಲೇ ಹಿಡಿದು ಗೊರಸಿನಡಿ ಒತ್ತಿ ಹಿಡಿಯುತ್ತಾನೆ. ಉಳಿದೆರಡು ಬಾಲ ಮುದುರಿ ಓಡುತ್ತವೆ. ಒಂದು ಚೂರು ಭಾರ ಬಿಟ್ಟರೆ ಆ ನಾಯಿ ಮುಗಿಯಿತು. ಆಗ ಬಾಕ್ಸರ್ ಏನು ಮಾಡುತ್ತಾನೆ? ತಲೆ ಎತ್ತಿ ನೆಪೋಲಿಯನ್ ಮುಖ ನೋಡುತ್ತಾನೆ, ಹೊಸಕಲಾ ಬಿಡಲಾ ಅಂತ. ಬಿಡು ಅಂದ, ಬಿಟ್ಟ.

ನಾನು ಈ ಪುಟ ಎಷ್ಟು ಸಲ ಓದಿದ್ದೇನೋ. ಇಡೀ ಜಮೀನಿನಲ್ಲಿ ಆ ಒಂಬತ್ತು ನಾಯಿಗಳಿಗೆ ಹೆದರಬೇಕಾಗಿಲ್ಲದವನು ಅವನೊಬ್ಬನೇ. ಸ್ಕ್ವೀಲರ್ ಅದನ್ನು ಕಂಡುಕೊಂಡ, ನೆಪೋಲಿಯನ್ ಕಂಡುಕೊಂಡ, ಬಾಕ್ಸರಿಗೆ ಮಾತ್ರ ಗೊತ್ತಾಗಲಿಲ್ಲ. ಅವತ್ತು ಆ ಹಂದಿಗಳೂ ಇನ್ನೂ ಕೆಲವರೂ ತಪ್ಪೊಪ್ಪಿಕೊಂಡು, ಕಣ್ಣೆದುರೇ ಅಷ್ಟು ಹೆಣ ಬಿದ್ದ ಮೇಲೂ ಅವನು ಹೇಳುವುದು, ತಪ್ಪು ನಮ್ಮಲ್ಲೇ ಇರಬೇಕು, ನಾನು ಇನ್ನೂ ಜಾಸ್ತಿ ದುಡಿಯುತ್ತೇನೆ, ಬೆಳಿಗ್ಗೆ ಇನ್ನೂ ಒಂದು ಗಂಟೆ ಬೇಗ ಏಳುತ್ತೇನೆ ಅಂತ. ಕೊನೆಗೆ ಪ್ರಾಣಿಗಳು ಕಟ್ಟುತ್ತಿದ್ದ ಗಾಳಿಯಂತ್ರಕ್ಕೆ ಕಲ್ಲು ಎಳೆಯುತ್ತಾ ಕುಸಿದು ಬೀಳುತ್ತಾನೆ, ಆಸ್ಪತ್ರೆಗೆ ಅಂತ ಹೇಳಿ ಕಸಾಯಿ ಗಾಡಿಗೆ ಹತ್ತಿಸುತ್ತಾರೆ, ಆಮೇಲೆ ಹಂದಿಗಳ ಮನೆಗೆ ವಿಸ್ಕಿ ಪೆಟ್ಟಿಗೆ ಬರುತ್ತದೆ. ಆ ದುಡ್ಡು ಎಲ್ಲಿಂದ ಬಂತು ಅಂತ ಮೊದಲ ಗೆರೆಯಲ್ಲಿ ಬರೆದುಕೊಳ್ಳಿ.

ಗಾಡಿ ಹೊರಡುವಾಗ ಬೆಂಜಮಿನ್ ಓಡಿ ಬರುತ್ತಾನೆ. ಅವನು ನಾಗಾಲೋಟ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿಲ್ಲ. ಗಾಡಿಯ ಮೇಲಿನ ಬರಹವನ್ನು ಮ್ಯೂರಿಯಲ್ ಅಕ್ಷರ ಕೂಡಿಸುತ್ತಿದ್ದರೆ ಅವಳನ್ನು ತಳ್ಳಿ ತಾನೇ ಗಟ್ಟಿಯಾಗಿ ಓದುತ್ತಾನೆ, ಕುದುರೆ ಕಡಿಯುವವನ ಗಾಡಿ ಅಂತ. ಅಷ್ಟು ವರ್ಷ ಬಳಸದ ಓದು ಆ ಹೊತ್ತಿಗೆ ಹೊರಬಂತು.

6. ಈಗ ಬೇಕಾದರೆ ರಷ್ಯಾ ಪಟ್ಟಿ ತೆಗೆಯಿರಿ

ಇಷ್ಟಾದ ಮೇಲೆ ಗೈಡ್ ಪಟ್ಟಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜೋನ್ಸ್ ರಷ್ಯಾದ ಕೊನೆಯ ದೊರೆ ಎರಡನೇ ನಿಕೊಲಸ್. ಮೊದಲು ಬಂಡಾಯದ ಕನಸು ಬಿತ್ತಿದ ಮುದಿ ಹಂದಿ ಓಲ್ಡ್ ಮೇಜರ್ ಮಾರ್ಕ್ಸ್, ಆದರೆ ಅವನ ತಲೆಬುರುಡೆ ಅಗೆದು ತಂದು ಎಲ್ಲರೂ ಅದರ ಮುಂದೆ ಸಾಲಾಗಿ ನಡೆಯುವ ಪದ್ಧತಿ ನೋಡಿದರೆ, 1924ರಲ್ಲಿ ಸತ್ತ ಮೇಲೆ ಮಾಸ್ಕೋದ ಕೆಂಪು ಚೌಕದಲ್ಲಿ ದರ್ಶನಕ್ಕಿಟ್ಟ ಲೆನಿನ್ ನೆನಪಾಗುತ್ತಾನೆ. ಹಾಗೆ ನೋಡಿದರೆ ಲೆನಿನ್ನಿಗೆ ಅಂತ ಒಂದು ಬೇರೆ ಪಾತ್ರವೇ ಇಲ್ಲ. ಒಂದಕ್ಕೆ ಒಂದು ಅಂತ ಲೆಕ್ಕ ಹಾಕಲು ಹೋದರೆ ಇಲ್ಲೇ ತಪ್ಪುತ್ತದೆ.

ಟ್ರಾಟ್ಸ್ಕಿಯನ್ನು ದೇಶದಿಂದ ಹೊರಹಾಕಿದ್ದು 1929ರಲ್ಲಿ. ನಾಲ್ಕು ಹಂದಿಗಳ ತಪ್ಪೊಪ್ಪಿಗೆ, 1936ರಿಂದ 38ರವರೆಗೆ ಸ್ಟಾಲಿನ್ ತನ್ನ ಪಕ್ಷದ ಹಳಬರ ಮೇಲೆ ನಡೆಸಿದ ಮಾಸ್ಕೋ ವಿಚಾರಣೆಗಳು. ಮೊಟ್ಟೆ ಕೊಡಲ್ಲ ಅಂತ ತೊಲೆ ಏರಿ ಕೂತು ಮೊಟ್ಟೆಗಳನ್ನು ನೆಲಕ್ಕೆ ಬೀಳಿಸಿದ ಕೋಳಿಗಳು, ಸಾಮೂಹಿಕ ಕೃಷಿ ಬೇಡ ಅಂತ ತಮ್ಮ ದನಗಳನ್ನು ತಾವೇ ಕಡಿದ ರೈತರು. ಒಂದು ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ ಅಂತ 1935ರಲ್ಲಿ ಸರ್ಕಾರ ಮೆರೆಸಿದ ಸ್ಟಖಾನೋವ್ ಬಾಕ್ಸರ್‌ನಲ್ಲಿ ಇಣುಕುತ್ತಾನೆ. ಪಕ್ಕದ ಜಮೀನಿನ ಫ್ರೆಡರಿಕ್ ಜರ್ಮನಿ, ಮರ ಕೊಂಡು ಖೋಟಾ ನೋಟು ಕೊಡುತ್ತಾನೆ, ಆಮೇಲೆ ಮೇಲೇ ಬೀಳುತ್ತಾನೆ: 1939ರ ಜರ್ಮನಿ ರಷ್ಯಾ ಒಪ್ಪಂದ, 1941ರಲ್ಲಿ ರಷ್ಯಾ ಮೇಲೆ ಜರ್ಮನಿಯ ದಾಳಿ. ಸಕ್ಕರೆ ಬೆಟ್ಟದ ಸ್ವರ್ಗದ ಕಥೆ ಹೇಳುವ ಕಾಗೆ ಮೋಸೆಸ್ ಚರ್ಚು. ಅವನನ್ನು ಸುಳ್ಳುಗಾರ ಅಂತ ಬೈಯುತ್ತಲೇ ಹಂದಿಗಳು ದಿನಾ ಒಂದು ಗುಟುಕು ಬಿಯರ್ ಕೊಟ್ಟು ಇಟ್ಟುಕೊಳ್ಳುತ್ತವೆ.

ಒಂದು ಸಣ್ಣ ವಿಷಯ ನನಗೆ ತುಂಬಾ ಇಷ್ಟ. ಫ್ರೆಡರಿಕ್ ಕಡೆಯವರು ಗಾಳಿಯಂತ್ರ ಸ್ಫೋಟಿಸಿದಾಗ ನೆಪೋಲಿಯನ್ ಸೇರಿದಂತೆ ಎಲ್ಲರೂ ನೆಲಕ್ಕೆ ಬಿದ್ದರು ಅಂತ ಆರ್ವೆಲ್ ಮೊದಲು ಬರೆದಿದ್ದ. ಅಚ್ಚಿಗೆ ಹೋಗುವ ಮುಂಚೆ ಅದನ್ನು ನೆಪೋಲಿಯನ್ ಒಬ್ಬನನ್ನು ಬಿಟ್ಟು ಅಂತ ತಿದ್ದಿಸಿದ. ಜರ್ಮನ್ನರು ಹತ್ತಿರ ಬಂದಾಗ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಲಿಲ್ಲ, ಅಷ್ಟರ ಮಟ್ಟಿಗೆ ನ್ಯಾಯ ಸಲ್ಲಬೇಕು ಅಂತ. ಹಂದಿಗೂ ಅನ್ಯಾಯ ಆಗಬಾರದು!

7. ಉಳಿದ ಚಿಲ್ಲರೆ ಪಾತ್ರಗಳು

ಬೆಕ್ಕನ್ನು ಮರೆಯಬೇಡಿ. ಇಲಿಗಳು ನಮ್ಮವರೋ ಅಲ್ಲವೋ ಅಂತ ಮತ ಹಾಕಿದಾಗ ಎರಡೂ ಕಡೆ ಹಾಕಿದ್ದು ಅದೇ. ಮೋಲಿ ರಿಬ್ಬನ್ ಮತ್ತು ಸಕ್ಕರೆಗಾಗಿ ಊರು ಬಿಟ್ಟು ಹೋದಳು, ಆಮೇಲೆ ಅವಳ ಹೆಸರನ್ನೇ ಯಾರೂ ಎತ್ತಲಿಲ್ಲ. ಮಿನಿಮಸ್ ಅನ್ನೋ ಹಂದಿ ಆಸ್ಥಾನ ಕವಿ, ಪುಟ್ಟ ಪಾತ್ರ, ಸಾಹಿತಿಗಳು ಓದಿ ಸ್ವಲ್ಪ ಕಸಿವಿಸಿ ಪಟ್ಟರೆ ಒಳ್ಳೇದೇ. ವಿಂಪರ್ ಅನ್ನೋ ವಕೀಲ ಹಂದಿಗಳಿಗೂ ಹೊರಗಿನ ಮನುಷ್ಯರಿಗೂ ನಡುವೆ ಕಮಿಷನ್ ನೋಡಿಕೊಳ್ಳುವ ಮಧ್ಯವರ್ತಿ. ಇವರಿಗೆಲ್ಲ ಒಂದೊಂದು ಸಾಲು ಸಾಕು.

8. ಗುಂಪಿನಲ್ಲಿ ಓದುವವರಿಗೆ

ಒಂದು ನಿಯಮ ಮಾಡಿಕೊಳ್ಳಿ: ಮೊದಲ ಒಂದು ಗಂಟೆ ನಮ್ಮ ಯಾವ ರಾಜಕಾರಣಿಯ ಹೆಸರೂ ಬರಬಾರದು. ನಮ್ಮ ಗುಂಪಿನಲ್ಲಿ ಮೊದಲ ಸಲ ಹತ್ತೇ ನಿಮಿಷದಲ್ಲಿ ಇಬ್ಬರು ನೆಪೋಲಿಯನ್ ಯಾರು ಅಂತ ಜಗಳಕ್ಕೆ ಬಿದ್ದು, ಕಾಫಿ ಆರಿ, ಪುಸ್ತಕ ಮುಚ್ಚಿಕೊಂಡು ಎದ್ದೆವು. ಇಬ್ಬರದೂ ಬೇರೆ ಬೇರೆ ಪಕ್ಷ, ಇಬ್ಬರೂ ತಮ್ಮ ನಾಯಕರನ್ನು ಸ್ನೋಬಾಲ್ ಅಂದುಕೊಂಡಿದ್ದರು.

ಚರ್ಚೆಗೆ ಬೇಕಾದರೆ ಕವಿ ಟಿ. ಎಸ್. ಎಲಿಯಟ್ ಎತ್ತಿದ ತಕರಾರು ಇಟ್ಟುಕೊಳ್ಳಿ. 1944ರಲ್ಲಿ ಫೇಬರ್ ಸಂಸ್ಥೆಯ ಪರವಾಗಿ ಈ ಹಸ್ತಪ್ರತಿ ತಿರಸ್ಕರಿಸಿದ್ದು ಆತನೇ. ಆತನ ವಾದ ಏನೆಂದರೆ, ಹಂದಿಗಳು ಎಲ್ಲರಿಗಿಂತ ಜಾಣ, ಹಾಗಾಗಿ ಜಮೀನು ನಡೆಸಲು ಅವೇ ಸರಿ, ಬೇಕಾಗಿದ್ದು ಜನಹಿತ ನೋಡುವ ಹಂದಿಗಳು ಅಷ್ಟೇ. ಅಂದರೆ ಒಳ್ಳೆಯ ನೆಪೋಲಿಯನ್ ಸಿಕ್ಕಿದ್ದರೆ ಸಾಕಿತ್ತೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೂ ಒಳ್ಳೆಯ ಬೇಲಿ ಹಾಕೋದೋ, ಕಾವಲಿಗೆ ನಾವೇ ಕೂರೋದೋ? ಸಂಜೆ ಪೂರ್ತಿ ಮಾತಾಡಬಹುದು. ಆಗ ಎಲ್ಲರೂ ಹಾಲಿನ ಬಕೆಟ್ಟಿಗೆ ವಾಪಸ್ ಬರುತ್ತಾರೆ, ನೋಡುತ್ತಿರಿ.

ಕೊನೆಯ ಅಧ್ಯಾಯವನ್ನು ಮಾತ್ರ ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಹಂದಿಗಳೂ ಮನುಷ್ಯರೂ ಒಂದೇ ಮೇಜಿನಲ್ಲಿ ಕೂತು ಇಸ್ಪೀಟು ಆಡುವಾಗ ನೆಪೋಲಿಯನ್ ಮತ್ತು ಪಕ್ಕದ ಜಮೀನಿನ ಪಿಲ್ಕಿಂಗ್ಟನ್ ಒಟ್ಟಿಗೇ ಇಸ್ಪೀಟ್ ಎಕ್ಕ ಎಸೆಯುತ್ತಾರೆ. 1943ರ ಕೊನೆಯಲ್ಲಿ ಟೆಹ್ರಾನಿನಲ್ಲಿ ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಸೇರಿ ದೋಸ್ತಿ ಮೆರೆದ ಸಭೆ ಆರ್ವೆಲ್ ಮನಸ್ಸಿನಲ್ಲಿತ್ತು. ಇದು ರಾಜಿ ಅಲ್ಲ, ಜಗಳ ಶುರು ಅಂತ ಅವನೇ ಆಮೇಲೆ ಬರೆದಿದ್ದಾನೆ.

ಓದುವವರಿಗೆ ಇನ್ನೊಂದು ಮಾತು ಹೇಳಿಡಿ. ಆ ಅಧ್ಯಾಯದ ಶುರುವಿನಲ್ಲಿ, ವರ್ಷಗಳು ಕಳೆದವು ಅಂತ ಹೇಳುವ ಕಡೆ, ಸತ್ತವರ ಹೆಸರುಗಳ ನಡುವೆ ಮ್ಯೂರಿಯಲ್ ಹೆಸರು ಬರುತ್ತದೆ. ಒಂದೇ ಒಂದು ಸಲ, ಬೇರೆ ಏನೂ ಇಲ್ಲ. ಅಲ್ಲಿ ಸ್ವಲ್ಪ ನಿಲ್ಲಿಸಲಿ. ಕೆಲವು ಪುಟ ದಾಟಿದ ಮೇಲೆ ಕಣ್ಣು ಮಂಜಾದ ಕ್ಲೋವರ್, ಗೋಡೆ ಮೇಲೆ ಏನೋ ಬದಲಾದ ಹಾಗಿದೆ, ಓದಿ ಹೇಳು ಅಂತ ಬೆಂಜಮಿನ್ನನ್ನು ಕರೆಯುತ್ತಾಳೆ. ಕರೆಯಲು ಅವಳಿಗೆ ಬೇರೆ ಯಾರೂ ಉಳಿದಿಲ್ಲ.